ಕೊನೆಯ ಸೀಟಿನ ರಜೆ

ರಜೆಯ ದಿನ ಬಸ್ಸು ಹತ್ತಿದ ಡ್ರೈವರ್ ಎಲ್ಲಿ ಕೂರುತ್ತಾನೆ? ಕೊನೆಯ ಸೀಟಿನಲ್ಲಿ. ಅಲ್ಲಿಂದ ರಸ್ತೆ ಕಾಣುವುದಿಲ್ಲ. ಕಂಡರೆ ತಾನೇ ಕಾಲು ಚಡಪಡಿಸುವುದು, ಗೇರು ತಡವಾಯಿತು, ಬ್ರೇಕು ಹೆಚ್ಚಾಯಿತು ಅಂತ ಜೀವ ತಿನ್ನುವುದು? ಅದಕ್ಕೇ ನಮ್ಮೂರ ಬಸ್ ಡಿಪೋದ ಡ್ರೈವರುಗಳು ಮನೆಯವರನ್ನು ಕರೆದುಕೊಂಡು ಎಲ್ಲಿಗಾದರೂ ಹೊರಟರೆ ಮಾತಿಲ್ಲದೆ ಹಿಂದಕ್ಕೆ ನಡೆದುಬಿಡುತ್ತಿದ್ದರು. ಕೊನೆಯ ಸೀಟು ಎತ್ತಿ ಎತ್ತಿ ಹಾಕುತ್ತದೆ, ಸೊಂಟ ಹಿಡಿಯುತ್ತದೆ. ಆದರೂ ಅದೇ ಬೇಕು.

ನಮ್ಮ ಡ್ರೈವರನೂ ಆ ಭಾನುವಾರ ಬೆಳಿಗ್ಗೆ ಹೆಂಡತಿ ಮತ್ತು ಮಗಳ ಜೊತೆ ಅಲ್ಲೇ ಕುಳಿತಿದ್ದ.

ಆ ವಾರ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಊರ ನಡುವಿನ ರಸ್ತೆಯನ್ನು ಅಗೆದು ಹಾಕಿದ್ದರು, ಪ್ರತಿ ಟ್ರಿಪ್ಪೂ ತಡ. ತಡವಾದದ್ದಕ್ಕೆ ಡಿಪೋದಲ್ಲಿ ಮೇಲಿನವನ ಬೈಗುಳ, ಬೇಗ ಹೋಗಲು ನೋಡಿದರೆ ಪ್ರಯಾಣಿಕರ ಬೈಗುಳ. ಬುಧವಾರ ಒಬ್ಬ ಮಹಾಶಯ ಕಿಟಕಿಯಿಂದ ಕೈ ತೂರಿಸಿ ಅವನ ಕಾಲರನ್ನೇ ಹಿಡಿದಿದ್ದ. ರಸ್ತೆ ಅಗೆದವನು ಇವನೇ ಅನ್ನುವ ಹಾಗೆ! ರಾತ್ರಿ ಹಾಸಿಗೆಯಲ್ಲೂ ಬಲಗಾಲು ಬ್ರೇಕ್ ಒತ್ತುತ್ತಲೇ ಇತ್ತು. ಒದೆ ತಿಂದವಳು ಹೆಂಡತಿ.

“ರೀ, ಬಸ್ಸನ್ನ ಡಿಪೋದಲ್ಲೇ ಬಿಟ್ಟು ಬನ್ನಿ. ಮನೇಗೆ ತರಬೇಡಿ,” ಎಂದಿದ್ದಳು ಅವಳು. ತಮಾಷೆಯಾಗಿ ಹೇಳಿದಂತಿತ್ತು, ಆದರೆ ಮುಖದಲ್ಲಿ ನಗುವಿರಲಿಲ್ಲ. ವಾರವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ಅವಳ ಕಾಲೂ ಬಾತಿತ್ತು.

ಒಂದು ದಿನ ಎಲ್ಲಾದರೂ ಹೋಗಿ ಉಸಿರು ಬಿಡೋಣವೆಂದರೆ ತಿಂಗಳ ಕೊನೆ, ಕೈ ಬಿಗಿ. ಮೂವರೂ ಒಂದು ಸಿನಿಮಾ ನೋಡಿ ಬಂದರೆ ಮಗಳ ಶೂ ಮುಂದಿನ ತಿಂಗಳಿಗೆ ಹೋಗುತ್ತದೆ. ಪುಕ್ಕಟೆಯಾಗಿ ಇದ್ದದ್ದು ಒಂದೇ, ಸಿಬ್ಬಂದಿಯ ಮನೆಯವರಿಗೆ ತಿಂಗಳಿಗೊಮ್ಮೆ ಕೊಡುವ ಬಸ್ ಪಾಸು. ಗುಡ್ಡ ಹತ್ತಿ ಇಳಿದರೆ ಆಚೆ ಬುಡದಲ್ಲಿ ಒಂದು ದೊಡ್ಡ ಕೆರೆ, ದಂಡೆಯಲ್ಲಿ ಮರ, ಹುಲ್ಲು. ಅಲ್ಲಿ ಕೂರುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಹೆಂಡತಿ ಮೊಟ್ಟೆ ಬೇಯಿಸಿ, ಬ್ರೆಡ್ಡು ಬಾಳೆಹಣ್ಣಿನ ಜೊತೆ ಚೀಲಕ್ಕೆ ತುಂಬಿದ್ದಳು.

ತೊಡಕು ಇದ್ದದ್ದು ಬೇರೆ ಕಡೆ. ಆ ಭಾನುವಾರ ಕೆರೆಗೆ ಹೋಗುವ ಬಸ್ಸಿನ ಡ್ಯೂಟಿ ಅವನದೇ! ರಜೆ ಕೇಳಿದರೆ ಕೊಡುವ ಆಸಾಮಿಯಲ್ಲ ಮೇಲಿನವನು. ಹಾಗಾಗಿ ಡ್ರೈವರುಗಳು ಹಿಂದಿನಿಂದಲೂ ಮಾಡಿಕೊಂಡು ಬಂದದ್ದನ್ನೇ ಅವನೂ ಮಾಡಿದ. ಒಳಗೊಳಗೇ ಅದಲುಬದಲು. ಆಫೀಸಿನಲ್ಲಿ ಹೆಸರು ಒಬ್ಬನದು, ಸ್ಟೀರಿಂಗ್ ಮೇಲೆ ಕೈ ಇನ್ನೊಬ್ಬನದು. ಕೇಳಿದವರೆಲ್ಲ ಒಂದೊಂದು ನೆಪ ಹೇಳಿ ಜಾರಿಕೊಂಡರು. ಒಪ್ಪಿದವರು ದೊಡ್ಡಣ್ಣ ಒಬ್ಬರೇ. ಡಿಪೋದಲ್ಲಿ ಅವರೇ ಎಲ್ಲರಿಗಿಂತ ಹಿರಿಯರು, ಅದಕ್ಕೇ ಆ ಹೆಸರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು.

“ಹೋಗಿ ಬಾರಪ್ಪ, ಮಗಳಿಗೆ ನೀರು ತೋರಿಸು. ನಾನು ನೋಡ್ಕೋತೀನಿ,” ಎಂದಿದ್ದರು.

ಏರು ಶುರುವಾದಾಗ ಡ್ರೈವರ್ ಕಣ್ಣು ಮುಚ್ಚಿಕೊಂಡಿದ್ದ. ಇಂಜಿನ್ನು ಒಮ್ಮೆ ತಿಣುಕಿತು. ಗೇರು ಇಳಿಸಬೇಕಾದ ಜಾಗ ದಾಟಿತು, ಇನ್ನೂ ಇಳಿಸಿಲ್ಲ. ಇನ್ನೇನು ಬಸ್ಸು ನಿಂತೇಹೋಗುತ್ತದೆ ಎನ್ನುವಾಗ ಗೇರು ಬಿತ್ತು. ಅವನು ಕಣ್ಣು ತೆರೆದ.

“ದೊಡ್ಡಣ್ಣ ಹೀಗೆ ಓಡ್ಸಲ್ಲ ಕಣೇ.”

“ಇವತ್ತಾದ್ರೂ ಸುಮ್ನೆ ಕೂತ್ಕೊಳ್ರಿ,” ಎಂದಳು ಹೆಂಡತಿ.

ನಿಜವಿರಬಹುದು, ತಲೆ ಕೆಟ್ಟಿರುವುದು ನನ್ನದೇ, ಅಂದುಕೊಂಡ. ಮಗಳು ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಿನಿಂದ ಮೀನು ಬರೆಯುತ್ತಿದ್ದಳು.

ಬಸ್ಸು ಗುಡ್ಡದ ನೆತ್ತಿ ದಾಟಿ ಇಳಿಯತೊಡಗಿತು. ಮೊದಲ ತಿರುವಿನಲ್ಲಿ ಬ್ರೇಕು ಎಷ್ಟು ತಡವಾಗಿ ಬಿತ್ತೆಂದರೆ ಊಟದ ಚೀಲ ಸೀಟಿನಿಂದ ಜಾರಿ ಕೆಳಗೆ ಬಿತ್ತು. ಅದಾದ ಮೇಲೆ ಕಾಲಡಿಯ ತಗಡಿಗೆ ಪಟಪಟ ಕಲ್ಲು ಬಡಿದ ಸದ್ದು. ಎಡಗಡೆ ಚಕ್ರ ಟಾರು ಬಿಟ್ಟು ಅಂಚಿನ ಜಲ್ಲಿಗೆ ಇಳಿದಿತ್ತು. ಬಸ್ಸು ಒಮ್ಮೆ ವಾಲಾಡಿ ಮತ್ತೆ ರಸ್ತೆಗೆ ಬಂತು.

ಅವನು ಎದ್ದ. ಹೆಂಡತಿ ಅವನ ಮಣಿಕಟ್ಟು ಹಿಡಿದುಕೊಂಡಳು.

“ಎಲ್ಲಿಗೆ? ಅವರಿಗೆ ಪಾಠ ಹೇಳಕ್ಕೆ ಹೋಗ್ತೀರಾ? ಏನಂದ್ಕೋತಾರೆ ಅವರು?”

ಅದೂ ಸರಿಯೇ. ಓಡಿಸುತ್ತಿರುವವನ ಬಳಿ ಹೋಗಿ ಇನ್ನೊಬ್ಬ ಡ್ರೈವರ್ ಬಾಯಿ ಹಾಕುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಅದರಲ್ಲೂ ತನಗೆ ಕೆಲಸ ಕಲಿಸಿದ ಹಿರಿಯರಿಗೆ! ಸುಳ್ಳು ಗಾಬರಿಯಾದರೆ ನಾಳೆ ಡಿಪೋದಲ್ಲಿ ಎಲ್ಲರೂ ಹಲ್ಲು ಕಿಸಿಯುತ್ತಾರೆ. ಅವನು ಅರೆಮನಸ್ಸಿನಿಂದ ಕುಳಿತ. ಕುಳಿತದ್ದೇ ತಡ, ಮತ್ತೆ ಕಲ್ಲಿನ ಸದ್ದು. ಈ ಸಲ ಬೇಗ ನಿಲ್ಲಲಿಲ್ಲ.

ಕೈ ಬಿಡಿಸಿಕೊಂಡು ಮುಂದಕ್ಕೆ ನಡೆದ. ಓಡಿದರೆ ಜನ ಹೆದರುತ್ತಾರೆ, ಕೂಗಿಕೊಳ್ಳುತ್ತಾರೆ. ಕಂಬಿ ಹಿಡಿದು ಒಂದೊಂದೇ ಸೀಟು ದಾಟಿದ. ಮಗುವಿಗೆ ಹಾಲು ಕುಡಿಸುತ್ತಿದ್ದ ತಾಯಿ. ಕೋಲು ಮಡಿಲಲ್ಲಿಟ್ಟುಕೊಂಡ ಅಜ್ಜ. ಈ ಜನಕ್ಕೆ ಏನೂ ಗೊತ್ತಿಲ್ಲ. ಅರ್ಧ ಬಸ್ಸು ದಾಟಿದಾಗ ಮುಂದಿನ ಕನ್ನಡಿಯಲ್ಲಿ ದೊಡ್ಡಣ್ಣನ ಮುಖ ಕಂಡಿತು. ಕಣ್ಣು ಮುಚ್ಚಿತ್ತು. ತಲೆ ಮೆಲ್ಲಗೆ ಎದೆಗೆ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಎದುರಿಗೆ ತಿರುವು. ತಿರುವಿಗೆ ಗೋಡೆಯಿಲ್ಲ. ಕೆಳಗೆ, ಬಹಳ ಕೆಳಗೆ, ಕೆರೆ ಹೊಳೆಯುತ್ತಿತ್ತು.

ಕೂಗಲೇ? ಬೆಚ್ಚಿಬಿದ್ದವನು ಮೊದಲು ಸ್ಟೀರಿಂಗ್ ತಿರುಗಿಸುತ್ತಾನೆ. ಓಡಿ ಹೋಗಿ ಹಿಡಿಯಲೇ? ಅಷ್ಟು ಹೊತ್ತಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಕಂಡಕ್ಟರ್ ಹುಡುಗಿ ಬಾಗಿಲ ಬಳಿ ತಲೆ ಬಗ್ಗಿಸಿ ಚಿಲ್ಲರೆ ಜೋಡಿಸುತ್ತಿದ್ದಳು.

ಅವನ ಕೈ ಮೇಲಕ್ಕೆ ಹೋಯಿತು. ಗಂಟೆಯ ಹಗ್ಗವನ್ನು ಒಂದೇ ಒಂದು ಸಲ ಎಳೆದ.

ಟಣ್.

ಒಂದು ಸಲ ಎಂದರೆ ನಿಲ್ಲಿಸು. ಆಯುಷ್ಯವೆಲ್ಲ ಆ ಸದ್ದು ಕೇಳಿದ ದೊಡ್ಡಣ್ಣನ ಕಾಲು ಅವರು ಏಳುವುದನ್ನು ಕಾಯಲಿಲ್ಲ. ಮಲಗಿದವನ ಕಾಲೂ ಬ್ರೇಕ್ ಒತ್ತುತ್ತದೆ ಎಂಬುದಕ್ಕೆ ನಮ್ಮ ಡ್ರೈವರನ ಹೆಂಡತಿಯೇ ಸಾಕ್ಷಿಯಲ್ಲವೇ? ಬಸ್ಸು ಮುಗ್ಗರಿಸಿತು, ಕಿರುಚಿತು, ತಿರುವಿಗೆ ಸ್ವಲ್ಪ ಮುಂಚೆ ಅರ್ಧ ಜಲ್ಲಿಯ ಮೇಲೆ ನಿಂತಿತು.

“ಇಲ್ಲೇನು ಸ್ಟಾಪಾ?” ಯಾರೋ ರೇಗಿದರು. “ಬೆಲ್ ಎಳೆದೋರು ಯಾರು?” ಎಂದು ಕಂಡಕ್ಟರ್ ಹುಡುಗಿ ತಿರುಗಿದಳು.

ದೊಡ್ಡಣ್ಣ ನಿಧಾನವಾಗಿ ತಲೆಯೆತ್ತಿದರು. ಕಣ್ಣು ಕೆಂಡದಂತಿತ್ತು.

“ಕೆರೆ ಬಂತಾ?” ಎಂದು ಕೇಳಿದರು.

ಡ್ರೈವರ್ ಅವರ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಕೀಲಿ ತಿರುಗಿಸಿ ಇಂಜಿನ್ ಆರಿಸಿದ. “ದೊಡ್ಡಣ್ಣ, ನಿನ್ನೆ ರಾತ್ರೀನೂ ಪಾಳಿ ಇತ್ತಾ?”

“ಇತ್ತಪ್ಪ. ಬೆಳಗಿನ ಜಾವ ಇಳಿದೆ, ಮುಖ ತೊಳ್ಕೊಂಡು ಇದನ್ನ ಹತ್ತಿದೆ.”

“ಹೇಳಬಾರದಿತ್ತಾ?”

“ನೀನು ಕೇಳಲಿಲ್ಲವಲ್ಲ,” ಎಂದರು ದೊಡ್ಡಣ್ಣ. ಅದರಲ್ಲಿ ಸಿಟ್ಟಿರಲಿಲ್ಲ.

ಅವನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಕೇಳಿರಲಿಲ್ಲ, ನಿಜ. ಶುಕ್ರವಾರ ಸಂಜೆ ದೊಡ್ಡಣ್ಣ ಹೊದಿಕೆ ಹೆಗಲಿಗೇರಿಸಿ ರಾತ್ರಿ ಬಸ್ಸಿನ ಕಡೆ ಹೋಗುವುದನ್ನು ಕಣ್ಣಾರೆ ಕಂಡಿದ್ದ. ಈ ವಾರ ಅವರದು ರಾತ್ರಿ ಪಾಳಿಯೆಂದು ಗೊತ್ತಾಗಿಯೂ ಮುಖ ತಿರುಗಿಸಿ ಸೈಕಲ್ ಹತ್ತಿದ್ದ. ಕೇಳಿದ್ದರೆ ರಜೆ ಕೈತಪ್ಪುತ್ತಿತ್ತು.

ಕಂಡಕ್ಟರ್ ಹುಡುಗಿ ಫೋನ್ ತೆಗೆದಿದ್ದಳು. ಮುಖ ಬಿಳಿಚಿಕೊಂಡಿತ್ತು. “ಡಿಪೋಗೆ ಹೇಳಲೇಬೇಕಣ್ಣ. ಡ್ರೈವರ್ ನಿದ್ದೆ ಮಾಡಿದ್ರೆ ಹೇಳದೇ ಇರೋ ಹಾಗಿಲ್ಲ.”

ದೊಡ್ಡಣ್ಣ ಸ್ಟೀರಿಂಗ್ ಹಿಡಿದ ತಮ್ಮ ಕೈಗಳನ್ನೇ ನೋಡುತ್ತಿದ್ದರು. ಇಷ್ಟು ವರ್ಷ ದುಡಿದು ಗಳಿಸಿದ ಪಿಂಚಣಿ ಆ ಒಂದು ಫೋನಿನಲ್ಲಿ ಹೋಗುವುದಿತ್ತು.

“ಹೇಳಮ್ಮ,” ಎಂದ ಡ್ರೈವರ್. “ಇವತ್ತಿನ ಡ್ರೈವರ್ ಯಾರು ಅಂತಿದೆ ಆಫೀಸಲ್ಲಿ? ನಾನು. ನಿದ್ದೆ ಮಾಡಿದೋನು ನಾನೇ ಅಂತ ಹೇಳು. ಕೆಲಸ ಹೋದ್ರೆ ನಂದು ಹೋಗ್ಲಿ.”

ಹುಡುಗಿ ಅವನನ್ನೂ ದೊಡ್ಡಣ್ಣನನ್ನೂ ನೋಡಿದಳು. ಹಿಂದೆ ಮಗು ಅಳತೊಡಗಿತು. ಅವಳು ಫೋನನ್ನು ಚೀಲಕ್ಕೆ ಹಾಕಿದಳು.

“ಹಾಗಾದ್ರೆ ನಿಮ್ಮ ಬಸ್ಸನ್ನ ನೀವೇ ಓಡ್ಸಿ. ಆದ್ರೆ ಅಣ್ಣ, ಇನ್ನೊಂದು ಸಲ ಹೀಗಾದ್ರೆ ನಾನು ಸುಮ್ನಿರಲ್ಲ.”

ಅಷ್ಟರಲ್ಲಿ ಹೆಂಡತಿ ಮಗಳ ಕೈಹಿಡಿದು ಮುಂದೆ ಬಂದಿದ್ದಳು. ಗಾಜಿನಾಚೆಯ ತಿರುವನ್ನೂ ಅದರಾಚೆಯ ಕಮರಿಯನ್ನೂ ನೋಡಿದಳು. ದೊಡ್ಡಣ್ಣನ ತೋಳು ಹಿಡಿದು ಎಬ್ಬಿಸಿ, ಕರೆದುಕೊಂಡು ಹೋಗಿ ಹಿಂದೆ ಮಲಗಿಸಿದಳು.

ಉಳಿದ ಇಳಿಜಾರನ್ನು ಅವನು ಹೊಸಬನ ಹಾಗೆ, ಉಸಿರು ಬಿಗಿಹಿಡಿದು ಇಳಿಸಿದ. ಕೆರೆಯ ಬಳಿ ಜನ ಗೊಣಗುತ್ತ ಇಳಿದರು. ತಿರುಗಿ ಹೊರಡಲು ಸ್ವಲ್ಪವೇ ಹೊತ್ತಿತ್ತು. ಮಗಳು ಅಲ್ಲೇ ಎದುರಿಗೆ ನೀರಿನತ್ತ ಓಡಿದಳು. ಹೆಂಡತಿ ಮಾತ್ರ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಇದ್ದಳು.

“ಅವರಿಗೆ ರಾತ್ರಿ ಪಾಳಿ ಅಂತ ನಿಮಗೆ ಗೊತ್ತಿತ್ತಾ?”

ಸುಳ್ಳು ಹೇಳಬಹುದಿತ್ತು. “ಗೊತ್ತಿತ್ತು,” ಎಂದ. ಬೈಗುಳಕ್ಕೆ ಕಾದ.

ಬೈಗುಳ ಬರಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

“ನಿನ್ನೆ ಅವರ ಮನೆಯೋರು ಅಂಗಡಿಗೆ ಬಂದಿದ್ರು,” ಎಂದಳು. “ವಾರವೆಲ್ಲ ರಾತ್ರಿ ಪಾಳಿ, ಹಗಲು ನಿದ್ದೇನೇ ಹತ್ತಲ್ಲ, ಭಾನುವಾರಾನೂ ಯಾರ ಬದಲಿಗೋ ಹೋಗ್ತಾರಂತೆ ಅಂತ ಅತ್ತುಕೊಂಡ್ರು. ಯಾರ ಬದಲಿಗೆ ಅಂತ ನಾನು ಹೇಳಲಿಲ್ಲ. ನಿಮಗೂ ಹೇಳಲಿಲ್ಲ. ಹೇಳಿದ್ರೆ ನೀವು ರಜ ಬೇಡ ಅಂತಿದ್ರಿ.”

ಮಗಳು ನೀರಿನ ಅಂಚಿನಿಂದ ಬನ್ನಿ ಬನ್ನಿ ಎಂದು ಕೂಗುತ್ತಿದ್ದಳು. ಇಬ್ಬರೂ ಅವಳತ್ತ ಕೈಬೀಸಿದರು. ಇಳಿದು ಹೋಗಲು ಇಬ್ಬರಿಗೂ ಕಾಲೇ ಬರಲಿಲ್ಲ.