ಬೆಳ್ಳಗಾದ ಮೂಗುತಿ

ನನ್ನ ತಕ್ಕಡಿಗೆ ಗಾಳಿ ಆಗಿಬರುತ್ತಿರಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದಲೇ.

೧೯೯೧ರ ಮಾತು. ಅಕ್ಕಸಾಲಿಗರ ಅಂಗಡಿಗಳ ಮುಂದಿನ ಕಸ ಗುಡಿಸಿ, ತೊಳೆದು, ಅದರೊಳಗಿನ ಚೂರುಪಾರು ಬಂಗಾರ ತೆಗೆಯುವವರ ಕೆಲಸದ ಮೇಲೆ ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ದಿನಾ ಸಂತೆಕಲ್ಲೂರಿನಿಂದ ಬಸ್ಸು ಹಿಡಿದು ಲಿಂಗಸುಗೂರಿನ ಗಾಳೆಮ್ಮನ ಮನೆಗೆ ಹೋಗುತ್ತಿದ್ದೆ. ತೊಳೆದ ಮಣ್ಣಿಗೆ ಪಾದರಸ ಹಾಕಿ ತಿಕ್ಕಿದರೆ ಬಂಗಾರ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಉಂಡೆಯನ್ನು ಕೆಂಡದ ಮೇಲೆ ಸುಟ್ಟರೆ ಪಾದರಸ ಹಾರಿ ಬಂಗಾರ ಉಳಿಯುತ್ತದೆ. ಹಾರಿಹೋಗುವುದು ಎಷ್ಟು, ಅದನ್ನು ಹಿಡಿದು ಮತ್ತೆ ಬಳಸುವುದು ಹೇಗೆ ಎಂಬುದೇ ನನ್ನ ವಿಷಯ.

ಅವರು ಮೊದಲಿನಿಂದಲೂ ಸುಡುತ್ತಿದ್ದುದು ಅಂಗಳದಲ್ಲಿ. ಗಾಳಿಗೆ ನನ್ನ ತಕ್ಕಡಿಯ ಮುಳ್ಳು ಒಂದು ಕಡೆ ನಿಲ್ಲಲೊಲ್ಲದು. “ಒಳಗ ಸುಡ್ರಿ, ಕಿಟಕಿ ಹಾಕ್ರಿ” ಎಂದು ಹೇಳಿದವಳು ನಾನೇ. ಓದಿದವಳ ಮಾತಿಗೆ ಯಾರು ಎದುರಾಡುತ್ತಾರೆ? ಎಂಟು ದಿನ ಕಿಟಕಿ ಮುಚ್ಚಿದ ಪುಟ್ಟ ಕೋಣೆಯಲ್ಲಿ ಗಾಳೆಮ್ಮನ ಸೊಸೆ ಆದಮ್ಮ ಕೆಂಡ ಊದಿದಳು. ಆರು ತಿಂಗಳ ಬಸುರಿ. ನಾನು ಬಾಗಿಲ ಸಂದಿಯ ಬೆಳಕಿಗೆ ಕೂತು ತೂಕ ಬರೆದುಕೊಂಡೆ. ಪಾದರಸದ ಹೊಗೆ ವಿಷ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆ ಪಾಸಾದವಳೂ ನಾನೇ. ಆದರೆ ನನ್ನ ಕಣ್ಣೆಲ್ಲ ಮುಳ್ಳಿನ ಮೇಲೆ.

ಒಂಬತ್ತನೇ ದಿನ ಆದಮ್ಮ ಅಂಗಳದ ಬಿಸಿಲಲ್ಲಿ ನನಗೆ ನೀರು ತಂದುಕೊಟ್ಟಳು. ಅವಳ ಮೂಗಿನಲ್ಲಿ ಬೆಳ್ಳಿ ಮೂಗುತಿ.

“ಬಂಗಾರದ್ದು ತಗದಿಟ್ಟೀ ಏನವಾ?”

“ಇಲ್ರೀ ಅಕ್ಕಾರ, ಅದೇ ಮದುವ್ಯಾಗ ಹಾಕಿದ್ದು. ತಾನ ಬೆಳ್ಳಗ ಆಗೇತ್ರಿ. ಬಾಯಾಗೂ ಯಾಕೋ ಕಬ್ಬಿಣ ನೆಕ್ಕಿದಂಗ ಆಗಾಕತ್ತೈತಿ.”

ಪಾದರಸ ಹತ್ತಿ ಬೆಳ್ಳಗಾದ ಬಂಗಾರ ಅದು. ಮೂಗಿನ ಹೊರಗಿದ್ದ ಮೂಗುತಿಗೇ ಇಷ್ಟು ಹತ್ತಿದ್ದರೆ, ಅದೇ ಮೂಗಿನಿಂದ ಒಳಗೆ ಎಷ್ಟು ಹೋಗಿರಬೇಡ! ಅವಳ ಹೊಟ್ಟೆ ನೋಡಿದೆ. ಹುಚ್ಚಿಯ ಹಾಗೆ ಒಳಗೆ ಓಡಿ ಕಿಟಕಿ ತೆಗೆದೆ, ಕೆಂಡದ ಬೋಗುಣಿ ಎತ್ತಿ ಅಂಗಳಕ್ಕೆ ತಂದೆ. ಬೆರಳು ಸುಟ್ಟವು. ತೊದಲುತ್ತಲೇ ಎಲ್ಲ ಹೇಳಿದೆ: ತಪ್ಪು ನಂದು, ಇನ್ನು ಈಕೆ ಬೆಂಕಿ ಹತ್ತಿರ ಬರಬಾರದು, ಈಗಲೇ ದವಾಖಾನೆಗೆ ಹೋಗೋಣ.

ಗಾಳೆಮ್ಮ ನಕ್ಕಳು. “ಇಷ್ಟಕ್ಕ ಹಿಂಗ ಅಂಜೀದ್ರ ಹೆಂಗ್ರೀ? ನಮ್ಮ ಕೆಲಸದಾಗ ಇದು ಇದ್ದಿದ್ದ.” ಸೊಸೆಯ ಮೂಗುತಿ ಬಿಚ್ಚಿ ಇಕ್ಕಳದಲ್ಲಿ ಹಿಡಿದು ಕೆಂಡಕ್ಕೆ ಒಡ್ಡಿದಳು. ತುಸು ಹೊತ್ತಿಗೆ ಅದು ಹಳದಿಯಾಯಿತು. “ನೋಡ್ರಿ, ಬಣ್ಣ ಹೊಳ್ಳಿ ಬಂತು. ತಗೋ ಬೇ, ಹಾಕ್ಕೋ.”

ಆದಮ್ಮ ಕೈ ಚಾಚಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿದ್ದವು. ಅತ್ತೆಯನ್ನು ಬಿಟ್ಟು ನನ್ನನ್ನೇ ನೋಡಿದಳು.

“ಅಕ್ಕಾರ, ಮೂಗುತಿ ಬೆಂಕಿಗೆ ಹಿಡದ್ರ ಬಣ್ಣ ಹೊಳ್ಳಿ ಬಂತು. ನನ್ನ ಕೂಸಿಗೆ ಏನ್ ಮಾಡ್ಲಿ?”