ಇಪ್ಪತ್ತೆರಡು ದಿನದ ಮುಖ

ಇಪ್ಪತ್ತೆರಡು ದಿನ ಬದುಕಿದ್ದ ಕೂಸಿನ ಒಂದೇ ಒಂದು ಫೋಟೋ ಇರಲಿಲ್ಲ. ದೃಷ್ಟಿಯಾಗುತ್ತದೆ, ಮೂರು ತಿಂಗಳು ತುಂಬುವವರೆಗೆ ಯಾರೂ ಮೊಬೈಲ್ ಎತ್ತಕೂಡದು ಎಂದು ಚೇತನಾಳ ಅತ್ತೆ ಅಣ್ಣಮ್ಮ ಅಪ್ಪಣೆ ಮಾಡಿದ್ದರು. ಕುರುಬರಹಳ್ಳಿಯ ಆ ಮನೆಯಲ್ಲಿ ಅಣ್ಣಮ್ಮನಿಗೆ ಎದುರಾಡುವ ಗಂಡಸೂ ಇಲ್ಲ, ಹೆಂಗಸೂ ಇಲ್ಲ. ದೃಷ್ಟಿಯೇನೋ ತಾಗಲಿಲ್ಲ, ಹಾಳು ಜ್ವರ ಬಂತು. ಮಗು ಉಳಿಯಲಿಲ್ಲ.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ, ಪಾತ್ರೆ ತೊಳೆಯುತ್ತಿದ್ದ ಚೇತನಾಳಿಗೆ ಮಗನ ಮೂಗು ನೆನಪಾಗಲಿಲ್ಲ. ಹೆತ್ತ ತಾಯಿಗೆ! ಇವತ್ತು ಮೂಗು, ನಾಳೆ ಬಾಯಿ, ಆಮೇಲೆ ಉಳಿಯುವುದಾದರೂ ಏನು? ಆ ಭಾನುವಾರವೇ ಚಂದ್ರಾ ಲೇಔಟಿಗೆ ಓಡಿದಳು. ಅಲ್ಲಿ ಏಕಾಂತಯ್ಯನೆಂಬವರು ತಮ್ಮ ಮನೆಯ ಮಹಡಿಯ ಮೇಲೆ ಚಿತ್ರ ಕಲಿಸುತ್ತಿದ್ದರು. ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಮನುಷ್ಯ, ಬಾಯಿ ಸ್ವಲ್ಪ ಜೋರು.

"ನಂಗೆ ಗೆರೆ ಎಳೆಯೋಕೂ ಬರಲ್ಲ ಸಾರ್. ಬೇಗ ಕಲಿಸಿ, ನನ್ನ ಮಗು ಮುಖ ಮರೆತು ಹೋಗ್ತಾ ಇದೆ," ಎಂದು ಗೋಗರೆದಳು.

ಪಾಪ, ಅವಳ ಕೈಗೆ ಗೊತ್ತಿದ್ದದ್ದು ಬಾಗಿಲ ರಂಗೋಲಿ ಮಾತ್ರ. ಹಾಳೆಯ ಮೇಲೂ ಚುಕ್ಕಿಯಿಟ್ಟು ಸೇರಿಸಿದಳು. ಎಡಕ್ಕೊಂದು ಕಣ್ಣು, ಬಲಕ್ಕೆ ಅಳತೆ ತಪ್ಪದ ಇನ್ನೊಂದು. ಮೂರು ವಾರ ತಿಣುಕಿದರೂ ಬಂದದ್ದು ಬೊಂಬೆಯೇ ಹೊರತು ಮಗನಲ್ಲ. ನಾಲ್ಕನೆಯ ಭಾನುವಾರ ಹಾಳೆ ಹರಿದು ಬಿಕ್ಕಿಬಿಕ್ಕಿ ಅತ್ತಳು.

"ಹರೀಬೇಡಿ ತಾಯಿ!" ಏಕಾಂತಯ್ಯ ಗದರಿದರು. "ಯಾರ ಮುಖಾನೂ ಎರಡೂ ಕಡೆ ಒಂದೇ ಥರ ಇರಲ್ಲ. ಚುಕ್ಕಿ ಬಿಡಿ. ಕೆಟ್ಟದಾಗೇ ಬರೀರಿ, ಏನೀಗ? ನಾನು ಮೊದಲು ಬರೆದ ಆನೇನ ಜನ ಹಂದಿ ಅಂದಿದ್ರು. ಬರೆದದ್ದು ತಪ್ಪು ಅಂತ ನಿಮಗೆ ಗೊತ್ತಾಗ್ತಿದೆಯಲ್ಲ? ಹಾಗಾದ್ರೆ ಮಗು ಇನ್ನೂ ನಿಮ್ಮೊಳಗೇ ಇದೆ."

ಮನೆಗೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಹಾಳೆ ಹರಡಿ ಸೊಟ್ಟಪಟ್ಟ ಗೀಚತೊಡಗಿದಳು. ಒಂದು, ಎರಡು, ಹತ್ತು. ಮೂಗು ಮಾತ್ರ ಬರಲೊಲ್ಲದು. ತಲೆಯೆತ್ತಿದರೆ ಬಾಗಿಲಲ್ಲಿ ಅಣ್ಣಮ್ಮ. ಇಷ್ಟು ತಿಂಗಳೂ ಕೂಸಿನ ಮಾತೇ ಎತ್ತದಿದ್ದ ಅತ್ತೆಯನ್ನು ಕಂಡು ಚೇತನಾ ಹಾಳೆಗಳನ್ನು ಅವರತ್ತ ತಳ್ಳಿದಳು.

"ನೋಡಿ ಅತ್ತೆ, ಕಣ್ತುಂಬ ನೋಡಿ! ಒಂದೇ ಒಂದು ಫೋಟೋ ತೆಗೆಯೋಕೆ ಬಿಟ್ಟಿದ್ರೆ ನಾನು ಹೀಗೆ ಒದ್ದಾಡ್ತಿದ್ನಾ?"

ಅಣ್ಣಮ್ಮ ಗೋಡೆ ಹಿಡಿದು ನೆಲಕ್ಕೆ ಕೂತು, ಹೆಬ್ಬೆರಳನ್ನು ಹಾಳೆಯ ಮೇಲೆ ಮೆಲ್ಲಗೆ ಎಳೆದರು.

"ಮೂಗು ಇಷ್ಟುದ್ದ ಅಲ್ಲ ಕಣೇ. ಇಲ್ಲಿ ತಗ್ಗು. ದಿನಾ ಎಣ್ಣೆ ಹಚ್ಚಿ ನಾನೇ ತೀಡ್ತಿದ್ನಲ್ಲ, ಬೆರಳಿಗೆ ಗೊತ್ತು. ಎಡಗಿವಿ ಮೇಲ್ಗಡೆ ಮಡಚ್ಕೊಂಡಿತ್ತು."

ಆ ಹೆಬ್ಬೆರಳು ಹೋದ ದಾರಿಯಲ್ಲೇ ಚೇತನಾ ಪೆನ್ಸಿಲ್ ಎಳೆದಳು. ಮೂಗು ಬಂತು. ಮಡಚಿದ ಕಿವಿ ಬಂತು. ಹೌದು, ಅವನೇ!

"ಕಣ್ಣು ಅತ್ತೆ? ಕಣ್ಣು ಹೇಗಿತ್ತು?"

ಅಣ್ಣಮ್ಮನ ಕೈ ನಿಂತಿತು.

"ಕಣ್ಣು ನಂಗೊತ್ತಿಲ್ಲ. ನೀರು ಹಾಕೋವಾಗ ನನ್ನ ಕಾಲ್ಮೇಲೆ ಕಣ್ಮುಚ್ಕೊಂಡೇ ಅಳ್ತಿದ್ದ. ಹಾಲು ಕುಡೀತಾ ಅವನು ನೋಡ್ತಿದ್ದಿದ್ದು ನಿನ್ನ." ಅಣ್ಣಮ್ಮ ಹಾಳೆಯನ್ನು ಸೊಸೆಯತ್ತ ಸರಿಸಿದರು. "ನೀನೇ ಬರಿ ಕಣೇ. ನಂಗೂ ಒಂದ್ಸಲ ತೋರಿಸು."