ಹೆಂಗಸರ ಕಡೆಯ ಬಾಗಿಲು

ಪೆರಂಬೂರಿನ ಶ್ರೀರಂಗ ಟಾಕೀಸ್ ಈಗ ಶ್ರೀರಂಗ ಕಲಾಮಂದಿರ. ತಗಡಿನ ಸೂರು ಹೋಗಿ ಕಾಂಕ್ರೀಟ್ ಬಂದಿದೆ. ಸಿನಿಮಾ ಪರದೆ ಇದ್ದಲ್ಲಿ ಮರದ ವೇದಿಕೆ. ಎಡಗೋಡೆಯ ಬಾಗಿಲು ಮಾತ್ರ ಹಳೆಯದು. ಅದನ್ನು ನೋಡುವುದಕ್ಕೆಂದೇ ಜಯಲಕ್ಷ್ಮೀ ಆ ಭಾನುವಾರ ಮೊಮ್ಮಗಳು ಶ್ರೀಯಾಳ ನೃತ್ಯಕ್ಕೆ ಬೇಗ ಬಂದರು.

ಟಾಕೀಸಿದ್ದ ಕಾಲದಲ್ಲಿ ಭಾನುವಾರ ಬೆಳಿಗ್ಗೆ ಇಲ್ಲಿ ಕನ್ನಡ ಸಿನಿಮಾ. ಈ ತಮಿಳು ಸೀಮೆಗೆ ಬಂದು ನೆಲೆಸಿದ್ದ ರೈಲ್ವೆಯ ಕನ್ನಡ ಕುಟುಂಬಗಳಿಗಾಗಿ ಕನ್ನಡ ಸಂಘ ಮಾಡಿದ್ದ ಏರ್ಪಾಡು. ಗಂಡಸರು ಬಲಗಡೆ, ಹೆಂಗಸರು ಎಡಗಡೆ, ನಡುವೆ ಎದೆಮಟ್ಟದ ಗೋಡೆ. ಹೆಂಗಸರಿಗೆ ಓಣಿಯ ಕಡೆಗೆ ಬೇರೆ ಬಾಗಿಲು. ಟಿಕೆಟ್ ಇಲ್ಲದ ಹುಡುಗರು ಅಲ್ಲಿಂದ ನುಸುಳುತ್ತಾರೆ, ಆಟ ಶುರುವಾದ ಮೇಲೆ ಹೊರಗಿನಿಂದ ಬೀಗ ಹಾಕಿ ಎಂದು ಮ್ಯಾನೇಜರಿಗೆ ಹೇಳಿದವರು ಸಂಘದ ಕಾರ್ಯದರ್ಶಿ ವಿಷ್ಣುತೀರ್ಥರು. ಹೆಂಗಸರ ಮರ್ಯಾದೆಯ ವಿಷಯವೆಂದು ಯಾರೂ ಬೇಡವೆನ್ನಲಿಲ್ಲ. 1973ರಲ್ಲಿ ಬೆಂಕಿ ಬಿದ್ದಾಗ ಆ ಬಾಗಿಲ ಹಿಂದೆ ಹನ್ನೊಂದು ಹೆಂಗಸರು ಸತ್ತರು. ಜಯಲಕ್ಷ್ಮೀಯವರ ಅಕ್ಕ ಊರ್ಮಿಳಾ ಸತ್ತಳು. ವಿಷ್ಣುತೀರ್ಥರ ಹೆಂಡತಿಯೂ ಸತ್ತರು. ಹತ್ತು ವರ್ಷದ ಜಯಲಕ್ಷ್ಮೀ ಅಪ್ಪನ ಪಕ್ಕ ಬಲಗಡೆ ಕೂತಿದ್ದರು.

ಕಲಾಮಂದಿರ ನಡೆಸುತ್ತಿರುವುದು ವಿಷ್ಣುತೀರ್ಥರ ಮಗ ಉಪೇಂದ್ರ. ಶ್ರೀಯಾ ಇಲ್ಲಿ ಕುಣಿಯುವುದಕ್ಕೆ ಜಯಲಕ್ಷ್ಮೀ ಒಪ್ಪಿದ್ದು ಅವನ ಮಾತಿನ ಮೇಲೆ. ಆ ಬಾಗಿಲ ಮೇಲೆ ಎಕ್ಸಿಟ್ ಬೋರ್ಡೇ ಹಾಕಿಸಿದ್ದೇವೆ ಎಂದಿದ್ದ.

ಬೋರ್ಡು ಇತ್ತು, ಹಸಿರಾಗಿ ಉರಿಯುತ್ತಿತ್ತು. ಕೆಳಗೆ ಕಪ್ಪು ಪರದೆ. ಜಯಲಕ್ಷ್ಮೀ ಅದನ್ನು ಸರಿಸಿ ಚಿಲಕಕ್ಕೆ ಕೈ ಹಾಕಿದರು.

"ಏನ್ ಜಯಕ್ಕಾ, ಇನ್‌ಸ್ಪೆಕ್ಷನ್ನಾ?" ಉಪೇಂದ್ರ ನಗುತ್ತಾ ಬಂದ. "ಮೊದ್ಲು ಕಾಫಿ ಕುಡೀರಿ."

"ಕಾಫಿ ಆಮೇಲೆ. ಇದು ತೆಗಿಯೋ."

"ಎ.ಸಿ. ಹೊರಗೆ ಹೋಗತ್ತೆ ಅಕ್ಕಾ."

"ಹೋದ್ರೆ ಹೋಗ್ಲಿ. ಬೆವರಿದ್ರೆ ಯಾರೂ ಸಾಯಲ್ಲ."

ಅವನು ನಿಂತಲ್ಲೇ ನಿಂತ. ಅವರೇ ಚಿಲಕ ಎಳೆದರು. ಬಾಗಿಲು ಒಳಕ್ಕೆ ಸರಾಗವಾಗಿ ತೆರೆದುಕೊಂಡಿತು. ಆಚೆ ಇಟ್ಟಿಗೆಯ ಗೋಡೆ. ಓಣಿ ಇದ್ದ ಜಾಗದಲ್ಲಿ ಪಕ್ಕದವರ ಅಪಾರ್ಟ್‌ಮೆಂಟ್ ಎದ್ದಿತ್ತು.

"ಟಾಕೀಸ್ ಮುಚ್ಚಿದ್ದಾಗಲೇ ಕಟ್ಬಿಟ್ಟಿದಾರೆ," ಉಪೇಂದ್ರ ದನಿ ತಗ್ಗಿಸಿದ. "ನಾನೇನ್ ಮಾಡ್ಲಿ? ಮುಂದಿನ ಬಾಗಿಲು ಅಷ್ಟು ದೊಡ್ಡದಿದೆಯಲ್ಲ."

"ಸುಮ್ಮಾ ಹೇಳ್ಬೇಡ. ಬೋರ್ಡ್ ಯಾಕೋ ಮತ್ತೆ?"

"ಬೋರ್ಡ್ ಇಲ್ದೆ ಲೈಸೆನ್ಸ್ ಸಿಗಲ್ಲ."

"ನಿಮ್ಮಮ್ಮ ಇಲ್ಲೇ ಹೋದದ್ದು, ಉಪೇಂದ್ರ."

"ಗೊತ್ತು. ಅವಳ ಹೆಸರಲ್ಲೇ ಸ್ಟೇಜ್ ಕಟ್ಸಿದೀನಿ, ನೋಡಲಿಲ್ವಾ?"

ಜಯಲಕ್ಷ್ಮೀ ನೇರವಾಗಿ ಗ್ರೀನ್ ರೂಮಿಗೆ ಹೋದರು. ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ತಯಾರಾಗಿದ್ದ ಶ್ರೀಯಾಳ ಕೈ ಹಿಡಿದರು. "ನಡಿ, ಮನೆಗೆ ಹೋಗೋಣ."

ಶ್ರೀಯಾ ಕೈ ಬಿಡಿಸಿಕೊಂಡಳು. "ಅಜ್ಜಿ, ಎಲ್ಲಾರುಂ ಪಾಕ್ಕಿರಾಂಗ, ಪ್ಲೀಸ್." ಎಲ್ಲರೂ ನೋಡುತ್ತಿದ್ದರು, ನಿಜ. ಹುಡುಗಿ ಎರಡು ವರ್ಷ ಕಲಿತಿದ್ದಳು. ಅವಳ ಕಣ್ಣಿನ ಕಾಡಿಗೆ ಆಗಲೇ ಒದ್ದೆಯಾಗುತ್ತಿತ್ತು. ಜಯಲಕ್ಷ್ಮೀ ಇನ್ನೊಮ್ಮೆ ಕರೆಯಲಿಲ್ಲ.

ಹಾಲಿಗೆ ಮರಳುವಷ್ಟರಲ್ಲಿ ಜನ ತುಂಬಿದ್ದರು. ಉಪೇಂದ್ರ ಆ ಬಾಗಿಲಿಗೆ ಮತ್ತೆ ಪರದೆ ಎಳೆಸಿದ್ದ.

"ಆ ಬೋರ್ಡನ್ನಾದ್ರೂ ಆರಿಸು," ಎಂದರು ಜಯಲಕ್ಷ್ಮೀ. "ಏನಾದ್ರೂ ಆದ್ರೆ ಅದನ್ನ ನಂಬಿ ಇಲ್ಲಿಗೇ ಓಡಿ ಬರ್ತಾರೆ."

"ಸ್ಟೇಜ್ ಲೈಟಿನ ಲೈನಲ್ಲೇ ಇದೆ ಅಕ್ಕಾ ಅದು. ಆರಿಸಿದ್ರೆ ಸ್ಟೇಜೂ ಆರುತ್ತೆ. ಬನ್ನಿ, ಮುಂದಿನ ಸಾಲಲ್ಲಿ ನಿಮ್ಮ ಸೀಟಿದೆ."

ಜಯಲಕ್ಷ್ಮೀ ಹೋಗಲಿಲ್ಲ. ದೀಪಗಳು ಆರಿ, ನಟ್ಟುವಾಂಗದ ತಾಳ ಶುರುವಾಯಿತು. ಅವರು ಹಸಿರು ಬೋರ್ಡಿನ ಕೆಳಗೆ ಪರದೆಗೆ ಬೆನ್ನು ಕೊಟ್ಟು, ಜನರತ್ತ ಮುಖ ಮಾಡಿ ನಿಂತರು. ಓಡಿ ಬಂದವರನ್ನು ಹಿಂದಕ್ಕೆ ತಿರುಗಿಸಲು ಒಬ್ಬರಾದರೂ ಬೇಕಿತ್ತು. ಎಡಗಡೆ ವೇದಿಕೆಯ ಮೇಲೆ ಶ್ರೀಯಾಳ ಗೆಜ್ಜೆ ಕೇಳಿಸುತ್ತಿತ್ತು. ಚಪ್ಪಾಳೆ ಬಿದ್ದಾಗಲೂ ಅವರು ಆ ಕಡೆ ನೋಡಲಿಲ್ಲ. ಸಾಲು ಸಾಲಾಗಿ ಕೂತಿದ್ದ ಹೆಂಗಸರ ಮುಖಗಳನ್ನೇ ನೋಡುತ್ತಿದ್ದರು.